ಮುಂಭಾಗ ಅಂಚೆಯಣ್ಣನಿಗೆ, ಸೆರಗು ಗಿರಾಕಿಗೆ: 500 ವ್ಯಾಪಾರಿ ಕವರ್‌ಗಳ ತಯಾರಿ

ಲೆಕ್ಕಕ್ಕೆ ಒಂದು ಅಂಗಡಿ ಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಇಳಕಲ್ ಸೀರೆ ಮಾರುವ ಸಣ್ಣ ಮಳಿಗೆ ಅಂದುಕೊಳ್ಳಿ. ಹಬ್ಬಕ್ಕೆ ಮೂರು ವಾರ ಮುಂಚೆ ಹಳೆಯ ಗಿರಾಕಿಗಳಿಗೆ ಅಂಚೆಯಲ್ಲಿ ಒಂದು ಕಾಗದ ಹೋಗಬೇಕು: 500 ಕವರ್, ಒಳಗೆ ಒಂದು ಎ4 ಪತ್ರ, ಒಂದು ಕಾರ್ಡ್. ಬ್ಯಾಂಕಿನ ಕಾಗದ, ವಿಮೆ ಕಂಪನಿಯ ಕಾಗದಗಳ ರಾಶಿಯಲ್ಲಿ ಬಿದ್ದಿದ್ದರೂ ಕೈ ಮೊದಲು ಇದಕ್ಕೇ ಹೋಗಬೇಕು.

ಇಂಥ ಕೆಲಸ ಬಂದಾಗ ಹೆಚ್ಚಿನವರು ಮಾಡುವುದು ಒಂದೇ: ಕವರ್‌ನ ಮುಂಭಾಗದ ತುಂಬ ಬಣ್ಣ, ಫೋಟೋ, "ವಿಶೇಷ ರಿಯಾಯಿತಿ". ಅಲ್ಲೇ ಎಡವುವುದು. ಮುಂಭಾಗ ಅಂಗಡಿಯದಲ್ಲ, ಅಂಚೆ ಇಲಾಖೆಯದು. ಅಲ್ಲಿ ಅಂಚೆಚೀಟಿ ಅಂಟಬೇಕು, ಮೊಹರು ಮೂಡಬೇಕು, ಪಿನ್‌ಕೋಡ್ ಒಂದೇ ನೋಟಕ್ಕೆ ಕಾಣಬೇಕು. ಅಂಗಡಿಗೆ ಸಿಗುವ ಜಾಗ ಬೆನ್ನು, ಮುಚ್ಚಳ ಮತ್ತು ಒಳಮೈ. ಗಿರಾಕಿ ಕವರ್ ಒಡೆಯಲು ತಿರುಗಿಸುವುದು ಆ ಕಡೆಗೇ.

ಇಳಕಲ್ ಸೀರೆಯೇ ಇದಕ್ಕೆ ಮಾದರಿ. ಅದರಲ್ಲಿ ಒಡಲು ಸರಳ, ಅಂಚು ಗಟ್ಟಿ, ಮೆರೆಯುವುದೆಲ್ಲ ಸೆರಗು: ಕೆಂಪು ನೆಲದ ಮೇಲೆ ಬಿಳಿಯಲ್ಲಿ ಹಣಿಗೆಯ ಹಲ್ಲು, ಜೋಳದ ತೆನೆ, ಕೋಟೆಯ ತೆನೆಯಂಥ ಆಕಾರಗಳು. ಒಡಲಿನ ಹಾಸಿಗೂ (ಉದ್ದದ ನೂಲು) ಸೆರಗಿನ ಹಾಸಿಗೂ ಕುಣಿಕೆ ಹಾಕಿ ಕೂಡಿಸುವುದಕ್ಕೆ ನೇಕಾರರು ಕೊಂಡಿ ಅನ್ನುತ್ತಾರೆ. ಕವರ್‌ನಲ್ಲೂ ಹಾಗೇ: ಮುಂಭಾಗ ಒಡಲು, ಎಡಗಡೆಯ ಪಟ್ಟಿ ಅಂಚು, ಮುಚ್ಚಳ ಸೆರಗು, ಮುಚ್ಚಳದ ಮಡಿಕೆ ಕೊಂಡಿ. ಈ ಹೋಲಿಕೆ ಬರೀ ಅಲಂಕಾರಕ್ಕಲ್ಲ. ಬಣ್ಣ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಅನ್ನುವ ಪ್ರಶ್ನೆ ಬಂದಾಗಲೆಲ್ಲ ಉತ್ತರ ಇಲ್ಲಿಂದಲೇ ಸಿಗುತ್ತದೆ.

ಅಳತೆ

ಸಿದ್ಧ ಕವರ್ 220 × 110 ಮಿ.ಮೀ., ಅಂದರೆ ಡಿಎಲ್ ಅಳತೆ. ಎ4 ಹಾಳೆಯನ್ನು ಮೂರು ಮಡಿಕೆ ಮಾಡಿದರೆ 210 × 99 ಆಗುತ್ತದೆ. ಅಗಲಕ್ಕೆ 10, ಎತ್ತರಕ್ಕೆ 11 ಮಿ.ಮೀ. ಸಡಿಲ ಉಳಿಯುತ್ತದೆ. ಪೇಟೆಯಲ್ಲಿ "ಒಂಬತ್ತು ನಾಲ್ಕು" ಅಂತ ಸಿಗುವ ಇಂಚಿನ ಕವರ್ 229 × 102. ಎತ್ತರಕ್ಕೆ ಬರೀ 3 ಮಿ.ಮೀ. ಸಡಿಲ. ಪತ್ರವನ್ನು ಸ್ವಲ್ಪ ಓರೆ ಮಡಿಸಿದರೂ ಅದರ ತುದಿ ಮುಚ್ಚಳದ ಮಡಿಕೆಗೆ ಸಿಕ್ಕಿಕೊಳ್ಳುತ್ತದೆ. ಒಳಗೆ ಕಾರ್ಡೂ ಇರುವಾಗ ಆ ಅಳತೆ ಬೇಡ.

ಮುಂಭಾಗವನ್ನು ಹಂಚಿಕೊಳ್ಳುವುದು ಹೀಗೆ. ವಿಶ್ವ ಅಂಚೆ ಒಕ್ಕೂಟದ ಅಳತೆಯಂತೆ ಬಲ ಮೇಲ್ಮೂಲೆಯಲ್ಲಿ 74 ಮಿ.ಮೀ. ಅಗಲ, 40 ಮಿ.ಮೀ. ಎತ್ತರದ ಜಾಗ ಅಂಚೆಚೀಟಿ ಮತ್ತು ಮೊಹರಿಗೆ ಮೀಸಲು. ವಿಳಾಸ ಮೇಲಂಚಿನಿಂದ 40 ಮಿ.ಮೀ. ಕೆಳಗೆ ಶುರುವಾಗಬೇಕು, ಬಲಕ್ಕೂ ಕೆಳಕ್ಕೂ 15 ಮಿ.ಮೀ. ಖಾಲಿ ಇರಬೇಕು, ಬಲ ಅಂಚಿನಿಂದ 140 ಮಿ.ಮೀ.ಗಿಂತ ಎಡಕ್ಕೆ ಹೋಗಬಾರದು. ಇದನ್ನೆಲ್ಲ 220ರ ಕವರ್ ಮೇಲೆ ಗೀಚಿ ನೋಡಿದರೆ ಎಡಗಡೆ 80 ಮಿ.ಮೀ. ನಮಗೆ ಉಳಿಯುತ್ತದೆ. ಅದರಲ್ಲಿ 22 ಮಿ.ಮೀ. ಕೆಂಪು ಅಂಚು. ಉಳಿದ ಕಡೆ ಮೇಲೆ ಅಂಗಡಿಯ ಹೆಸರು, ಕಳಿಸಿದವರ ವಿಳಾಸ. ಅಷ್ಟು ಸಾಕು. ಕಳಿಸಿದವರ ವಿಳಾಸ ಮುಂಭಾಗದಲ್ಲೇ ಇರಲಿ. ಮನೆ ಬದಲಿಸಿದ ಗಿರಾಕಿಯ ಕವರ್ ಹಿಂದಿರುಗಿದರೆ ಪಟ್ಟಿ ತಿದ್ದಿಕೊಳ್ಳುವ ಅವಕಾಶ ಅದೊಂದೇ.

ಇನ್ನು ಬಿಚ್ಚಿದ ಹಾಳೆ. ಮೇಲಿಂದ ಕೆಳಕ್ಕೆ ಮುಚ್ಚಳ, ಮುಂಭಾಗ, ಬೆನ್ನು. ಮುಂಭಾಗದ ಎರಡೂ ಬದಿಗೆ ಅಂಟುಪಟ್ಟಿ. ಮೊದಲ ಡಮ್ಮಿಯ (ನಮೂನೆ ಕವರ್‌ನ) ಲೆಕ್ಕ: ಮುಚ್ಚಳ 40, ಮುಂಭಾಗ 110, ಬೆನ್ನು 100, ಅಂಟುಪಟ್ಟಿ ತಲಾ 15. ಒಟ್ಟು 250 × 250. ಕಣ್ಣಿಗೆ ಚೆಂದ, ಕಾಗದಕ್ಕೆ ದಂಡ. ಆಫ್‌ಸೆಟ್‌ಗೆ, ಅಂದರೆ ಪ್ಲೇಟ್ ಮಾಡಿ ಒತ್ತುವ ಮುದ್ರಣಕ್ಕೆ, ತಕ್ಕ 20 × 30 ಇಂಚಿನ ಹಾಳೆ ಅಂದರೆ 508 × 762 ಮಿ.ಮೀ. ಅಗಲಕ್ಕೆ ಮೂರು ಕೂರಿಸಿ ನಡುವೆ 4 ಮಿ.ಮೀ. ಬಿಟ್ಟರೆ 758 ಆಯಿತು. ಎರಡೂ ಕಡೆ ಉಳಿಯುವುದು ತಲಾ 2 ಮಿ.ಮೀ.; ಮುದ್ರಣ ಹೊಂದಿಸುವ ರಿಜಿಸ್ಟರ್ ಗುರುತಿಗೂ ಜಾಗವಿಲ್ಲ. ಎತ್ತರಕ್ಕೆ ಎರಡು ಕೂರಿಸಿದರೆ 504. ಹಾಳೆಯನ್ನು ಎಳೆದುಕೊಳ್ಳುವ ಮೆಷಿನ್‌ನ ಗ್ರಿಪ್ಪರ್ ಕಚ್ಚಲು ಬೇಕಾದ 10–12 ಮಿ.ಮೀ. ಇಲ್ಲ. ಆರು ಬರಬೇಕಾದ ಹಾಳೆಯಲ್ಲಿ ಮೂರೋ ನಾಲ್ಕೋ ಬರುತ್ತವೆ.

ಎರಡನೇ ಡಮ್ಮಿಯಲ್ಲಿ ಮುಚ್ಚಳ 36, ಬೆನ್ನು 98, ಅಂಟುಪಟ್ಟಿ 13. ಬಿಚ್ಚಿದ ಅಳತೆ 246 × 244. ಈಗ ಅಗಲ 746, ಎರಡೂ ಕಡೆ 8 ಮಿ.ಮೀ. ಉಳಿಯಿತು, ಎತ್ತರ 492, ಗ್ರಿಪ್ಪರ್‌ಗೆ 12 ಕೊಟ್ಟರೂ ಬಾಲದ ಕಡೆ, ಅಂದರೆ ಎದುರು ತುದಿಯಲ್ಲಿ, 4 ಮಿಗುತ್ತದೆ. ಹಾಳೆಗೆ ಆರು. ಮುಚ್ಚಳದಲ್ಲಿ 4, ಬೆನ್ನಿನಲ್ಲಿ 2, ಅಂಟುಪಟ್ಟಿಯಲ್ಲಿ ತಲಾ 2 ಮಿ.ಮೀ. ಬಿಟ್ಟುಕೊಟ್ಟಿದ್ದಕ್ಕೆ ಇಷ್ಟು ಲಾಭ. ಕವರ್ ವಿನ್ಯಾಸ ಶುರುವಾಗಬೇಕಾದ್ದು ಹಾಳೆಯ ಅಳತೆಯಿಂದ. ಲೋಗೋದಿಂದ ಶುರುಮಾಡಿದವರು ಕಾಗದದ ಬಿಲ್ ಬಂದಾಗ ಇಲ್ಲಿಗೇ ವಾಪಸ್ ಬರುತ್ತಾರೆ.

ಮುಚ್ಚಳ ಗಿಡ್ಡವಾಯಿತು ಅಂತ ಚಿಂತೆ ಬೇಡ. 98ಕ್ಕೆ 36 ಸೇರಿಸಿ 110 ಕಳೆದರೆ 24 ಮಿ.ಮೀ. ಮುಚ್ಚಳ ಬೆನ್ನಿನ ಮೇಲೆ ಕೂರುತ್ತದೆ. ಮುಚ್ಚಳ ಅಂಟಿಸುವ 12 ಮಿ.ಮೀ. ಟೇಪ್‌ಗೆ ಅದು ಧಾರಾಳ.

ಆರನ್ನು ಕೂರಿಸುವಾಗ ಎಲ್ಲದರ ಬೆನ್ನೂ ಗ್ರಿಪ್ಪರ್ ಕಡೆಗಿರಲಿ. ಬೆನ್ನಿನ ಅಂಚಿನಲ್ಲಿ ಬಣ್ಣವಿಲ್ಲ, ಬ್ಲೀಡ್ (ಕತ್ತರಿಸುವ ಗೆರೆ ದಾಟಿ ಹಾಕುವ ಬಣ್ಣ) ಬೇಕಿಲ್ಲ. ಮುಚ್ಚಳದ ತುದಿಗೆ ಮಾತ್ರ 3 ಮಿ.ಮೀ. ಬ್ಲೀಡ್ ಬೇಕು, ಅದು ನಡುವಿನ 4 ಮಿ.ಮೀ. ಸಂದಿಯಲ್ಲಿ ಹಿಡಿಯುತ್ತದೆ.

13 × 19 ಇಂಚಿನ ಡಿಜಿಟಲ್ ಹಾಳೆಯಲ್ಲಿ ಎರಡು ಬರುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಆ ಹಾಳೆಯ ಉದ್ದ 482 ಮಿ.ಮೀ., ಎರಡಕ್ಕೆ ಬೇಕಾದ್ದು 488. ಆರು ಮಿ.ಮೀ.ಗೆ ತಪ್ಪಿತು. ಮುಚ್ಚಳವನ್ನೂ ಬೆನ್ನನ್ನೂ ಇನ್ನಷ್ಟು ಕತ್ತರಿಸಿ ಕೂರಿಸಬಹುದು, ಆಗ ಒಂದರ ಮೇಲೊಂದು ಕೂರುವ ಜಾಗ ಟೇಪ್‌ಗೂ ಸಾಲದು. ಹಾಳೆಗೆ ಒಂದೇ ಬರುವುದರಿಂದ ನೂರು ನೂರೈವತ್ತು ಕವರ್‌ಗೆ ಡಿಜಿಟಲ್ ಸರಿ, 500ಕ್ಕೆ ಆಫ್‌ಸೆಟ್.

ಕಾಗದ

ಆರ್ಟ್ ಪೇಪರ್ ಬೇಡ. ಮೇಲಿನ ಲೇಪ ಮಡಿಕೆಯಲ್ಲಿ ಬಿರಿಯುತ್ತದೆ, ಬಾಲ್‌ಪೆನ್ ಜಾರುತ್ತದೆ, ಮೊಹರಿನ ಮಸಿ ಒಣಗದೆ ಸವರಿಕೊಳ್ಳುತ್ತದೆ. ಲ್ಯಾಮಿನೇಷನ್ ಮಾಡಿದ ಕವರ್ ಇನ್ನೂ ಕಷ್ಟ. ಅದರ ಮೇಲೆ ಅಂಚೆಚೀಟಿ ನಿಲ್ಲುವುದೇ ಅನುಮಾನ. ಲೇಪವಿಲ್ಲದ ಮ್ಯಾಪ್ಲಿಥೋ ತನ್ನಿ, 120 ಜಿಎಸ್‌ಎಂ (ಚದರ ಮೀಟರ್‌ಗೆ 120 ಗ್ರಾಂ). 80 ಅಥವಾ 90ರ ಕಾಗದದಲ್ಲಿ ಒಳಮೈಗೆ ಹಾಕಿದ ಬಣ್ಣ ಮುಂಭಾಗದಲ್ಲಿ ನೆರಳಿನಂತೆ ಕಾಣುತ್ತದೆ. ಸುಲ್ತಾನ್‌ಪೇಟೆಯ ಕಾಗದದ ಅಂಗಡಿಗಳಲ್ಲಿ ಬಣ್ಣ ಕೇಳುವ ಮೊದಲು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ: ಮೋಡ ಕವಿದಂತೆ ಚುಕ್ಕೆ ಚುಕ್ಕೆ ಕಂಡರೆ ಗಟ್ಟಿ ಕೆಂಪು ಸಮನಾಗಿ ಕೂರುವುದಿಲ್ಲ.

ಆಮೇಲೆ ನಾರಿನ ದಿಕ್ಕು. ಕವರ್‌ನ ಮುಖ್ಯ ಮಡಿಕೆಗಳು ಎರಡು, ಮುಚ್ಚಳದ್ದು ಮತ್ತು ತಳದ್ದು. ಎರಡೂ 220 ಮಿ.ಮೀ. ಉದ್ದಕ್ಕೆ ಹೋಗುತ್ತವೆ. ನಾರು ಅದೇ ದಿಕ್ಕಿಗಿರಬೇಕು. ಮೇಲಿನ ಜೋಡಣೆಯಲ್ಲಿ ಅದು 30 ಇಂಚಿನ ಕಡೆಗೆ ಬರುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಿ: ಒಂದು ಚೌಕ ತುಂಡಿನ ಒಂದು ಬದಿಗೆ ನೀರು ಸವರಿದರೆ ಅದು ಸುರುಳಿಯಾಗುತ್ತದೆ, ಸುರುಳಿಯ ಉದ್ದವೇ ನಾರಿನ ದಿಕ್ಕು. ಹರಿದು ನೋಡಿದರೂ ಗೊತ್ತಾಗುತ್ತದೆ. ನಾರಿನ ಜೊತೆಗೆ ಹರಿದರೆ ನೆಟ್ಟಗೆ ಹೋಗುತ್ತದೆ, ಅಡ್ಡ ಹರಿದರೆ ಅಂಕುಡೊಂಕು. ದಿಕ್ಕು ತಪ್ಪಿದರೆ ಮುಚ್ಚಳ ಮಡಿಸಿದ ಮೇಲೂ ಎದ್ದು ಎದ್ದು ನಿಲ್ಲುತ್ತದೆ. ಆಗ ಬೈಗುಳ ತಿನ್ನುವುದು ಟೇಪು, ತಪ್ಪು ಕಾಗದದ್ದು.

ಎಷ್ಟು ಹಾಳೆ? ಆರರಂತೆ 84 ಹಾಳೆಗೆ 504 ಕವರ್. ಎರಡೂ ಮೈ ಮುದ್ರಣಕ್ಕೆ ಮೆಷಿನ್ ಹೊಂದಿಸಲು, ಡೈ (ಕವರ್ ಆಕಾರಕ್ಕೆ ಕತ್ತರಿಸುವ ಅಚ್ಚು) ಹೊಂದಿಸಲು ಹಾಳಾಗುವುದು ಸೇರಿಸಿ 125 ಹಾಳೆ ತನ್ನಿ. ತೂಕ ಸುಮಾರು 5.8 ಕೆ.ಜಿ., ಸ್ಕೂಟರ್‌ನಲ್ಲಿ ಬರುತ್ತದೆ. ಸುರುಳಿ ಸುತ್ತಿ ಮಾತ್ರ ತರಬೇಡಿ. ಸುತ್ತಿದ ಕಾಗದ ಮೆಷಿನ್‌ನ ಫೀಡರ್‌ನಲ್ಲಿ ತುದಿ ಎತ್ತುತ್ತದೆ. ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಕಟ್ಟಿಸಿ.

ತೂಕದ ಲೆಕ್ಕವನ್ನೂ ಈಗಲೇ ಮಾಡಿ. ಅಂಚೆಯಲ್ಲಿ ಪತ್ರದ ದರ 20 ಗ್ರಾಂಗೊಂದು ಮೆಟ್ಟಿಲು. ಬಿಚ್ಚಿದ ಕವರ್‌ನ ವಿಸ್ತೀರ್ಣ ಸುಮಾರು 0.056 ಚದರ ಮೀಟರ್, 120 ಜಿಎಸ್‌ಎಂನಲ್ಲಿ 6.7 ಗ್ರಾಂ. 100 ಜಿಎಸ್‌ಎಂ ಎ4 ಪತ್ರ 6.2. 90 × 54 ಮಿ.ಮೀ. ಕಾರ್ಡ್ 300 ಜಿಎಸ್‌ಎಂನಲ್ಲಿ 1.5. ಅಂಟು, ಟೇಪ್, ಚೀಟಿಗೆ ಅರ್ಧ ಗ್ರಾಂ. ಒಟ್ಟು 15ರ ಒಳಗೆ. ಕೊನೆಯ ಗಳಿಗೆಯಲ್ಲಿ ಯಾರಾದರೂ "ಇನ್ನೊಂದು ಎ4 ಬೆಲೆಪಟ್ಟಿ ಹಾಕೋಣ" ಅಂದೇ ಅನ್ನುತ್ತಾರೆ. 80 ಜಿಎಸ್‌ಎಂ ಎ4 ಅಂದರೆ 5 ಗ್ರಾಂ, ಒಟ್ಟು 19.9. ಮಳೆಗಾಲದಲ್ಲಿ ಕಾಗದ ತೇವ ಹೀರುತ್ತದೆ, ಆಗ 19.9 ಅಂದರೆ 20 ದಾಟಿದ ಹಾಗೇ. ದಾಟಿದ್ದು ಕಾಲು ಗ್ರಾಂ ಆದರೂ 500 ಕವರ್‌ಗೂ ಎರಡನೇ ಮೆಟ್ಟಿಲ ದರ. ಬೆಲೆಪಟ್ಟಿಯನ್ನು ಪತ್ರದ ಹಿಂಬದಿಗೆ ಮುದ್ರಿಸಿ.

ವಿನ್ಯಾಸದ ಫೈಲು

ಎರಡೇ ಪ್ಲೇಟ್: ಹೊರಮೈಗೆ ಒಂದೇ ಬಣ್ಣ, ಒಳಮೈಗೆ ಒಂದೇ ಬಣ್ಣ. ಹೊರಗೆ ಇಳಕಲ್ ಕೆಂಪು, ಮುದ್ರಕರ ಬಣ್ಣದ ಪುಸ್ತಕ ಪ್ಯಾಂಟೋನ್‌ನಲ್ಲಿ 187 ಯು ಹತ್ತಿರ. ಆ ಪುಸ್ತಕದಲ್ಲಿ 'ಸಿ' ಪುಟ ನೋಡಿ ಆರಿಸಬೇಡಿ. ಅದು ಲೇಪದ ಕಾಗದಕ್ಕೆ. ಮ್ಯಾಪ್ಲಿಥೋ ಮೇಲೆ ಅದೇ ಮಸಿ ಮಂಕಾಗಿ ಕಾಣುತ್ತದೆ. ನಾಲ್ಕು ಬಣ್ಣ ಬೆರೆಸಿ ಕೆಂಪು ಮಾಡುವುದಕ್ಕಿಂತ ಬೆರೆಸಿದ ಒಂದೇ ಮಸಿ ಗಟ್ಟಿಯಾಗಿ ಕೂರುತ್ತದೆ, ಸಣ್ಣ ಬಿಳಿ ಗೆರೆಗಳೂ ಚೊಕ್ಕವಾಗಿ ಉಳಿಯುತ್ತವೆ. ಒಳಗೆ ನೀಲಿ ಚೌಕಳಿ, ತೆಳು ಗೆರೆಗಳಲ್ಲಿ. ಕವರ್ ತೆರೆದ ಕೂಡಲೇ ಬಣ್ಣ ಕಾಣುವುದು ಒಂದು ಲಾಭ. ಬೆಳಕಿಗೆ ಹಿಡಿದರೂ ಒಳಗಿನ ಪತ್ರ ಓದಲಾಗದು ಅನ್ನುವುದು ಇನ್ನೊಂದು.

ಕೆಂಪು ನೆಲದಲ್ಲಿ ಬಿಳಿಯಾಗಿ ಉಳಿಯಬೇಕಾದ ಹಣಿಗೆ ಹಲ್ಲು 0.5 ಮಿ.ಮೀ.ಗಿಂತ ತೆಳುವಾಗಬಾರದು. ಮ್ಯಾಪ್ಲಿಥೋ ಮಸಿಯನ್ನು ಹೀರಿ ಹರಡುತ್ತದೆ, 0.2ರ ಗೆರೆ ಪರದೆಯ ಮೇಲೆ ನಾಜೂಕು, ಹಾಳೆಯ ಮೇಲೆ ಮಾಯ.

ತಲೆಕೆಳಗಿನ ತಪ್ಪು ಇಲ್ಲೇ ಆಗುವುದು. ಬಿಚ್ಚಿದ ಹಾಳೆಯಲ್ಲಿ ಮುಂಭಾಗದ ಅಕ್ಷರ ನೆಟ್ಟಗಿದ್ದರೆ ಮುಚ್ಚಳದ್ದೂ ಬೆನ್ನಿನದ್ದೂ ತಲೆಕೆಳಗಾಗಿ ಇರಬೇಕು. ಆಗಲೇ ಮಡಿಸಿದ ಮೇಲೆ ನೆಟ್ಟಗಾಗುವುದು. ಪರದೆಯ ಮೇಲೆ ಎಲ್ಲ ನೆಟ್ಟಗೆ ಕಂಡರೆ ಅನುಮಾನಪಡಿ. ಸಾದಾ ಕಾಗದದಲ್ಲಿ ಪ್ರಿಂಟ್ ತೆಗೆದು, ಕತ್ತರಿಸಿ, ಮಡಿಸಿ, ಕೈಯಲ್ಲಿ ಹಿಡಿದು ನೋಡದೆ ಪ್ಲೇಟ್ ಮಾಡಿಸಬೇಡಿ.

ಬಣ್ಣವನ್ನು ಮಡಿಕೆಯ ಗೆರೆಯಲ್ಲೇ ಸರಿಯಾಗಿ ನಿಲ್ಲಿಸುವ ಆಸೆಯನ್ನೂ ಬಿಡಿ. ಮುದ್ರಣ, ಡೈ, ಕೈಮಡಿಕೆ ಮೂರೂ ಸೇರಿ 1 ಮಿ.ಮೀ. ಆಚೀಚೆ ಆಗುವುದು ಖಚಿತ. ಕೆಂಪು ಮಡಿಕೆಯಲ್ಲೇ ನಿಂತರೆ ಒಂದು ಕವರ್‌ನಲ್ಲಿ ಬಿಳಿ ದಾರ ಇಣುಕುತ್ತದೆ, ಇನ್ನೊಂದರಲ್ಲಿ ಕೆಂಪು ದಾರ ಮುಂಭಾಗಕ್ಕೆ ಚೆಲ್ಲುತ್ತದೆ, ನೋಡಿದವರಿಗೆ ತಪ್ಪು ಅಂತಲೇ ಅನ್ನಿಸುತ್ತದೆ. ಸೀರೆಯ ಕೊಂಡಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಮುಚ್ಚಳದ ಕೆಂಪನ್ನು ಬೇಕೆಂದೇ 3 ಮಿ.ಮೀ. ಮುಂಭಾಗಕ್ಕೆ ಇಳಿಸಿ, ಅಂಚನ್ನು ಸಣ್ಣ ಕುಣಿಕೆಗಳ ಸಾಲಾಗಿ ಮುಗಿಸಿ. ನೇರ ಗೆರೆ ಇಲ್ಲದ ಕಡೆ 1 ಮಿ.ಮೀ. ವ್ಯತ್ಯಾಸ ಯಾರಿಗೂ ಕಾಣದು. ಮೊಹರಿನ ಜಾಗದಲ್ಲಿ ಮಾತ್ರ, ಅಂದರೆ ಬಲಗಡೆ 74 ಮಿ.ಮೀ., ಕುಣಿಕೆ ಇಳಿಸದೆ ಕೆಂಪನ್ನು ಮಡಿಕೆಗಿಂತ 2 ಮಿ.ಮೀ. ಮೇಲೆಯೇ ನಿಲ್ಲಿಸಿ. ಎಡಗಡೆಯ ಅಂಚೂ ಹಾಗೇ, ಮಡಿಕೆ ದಾಟಿ 4 ಮಿ.ಮೀ. ಅಂಟುಪಟ್ಟಿಯ ಮೇಲೆ ಹೋಗಲಿ. ಅದರಾಚೆ ಬಣ್ಣ ಬೇಡ, ಅಂಟು ಹಿಡಿಯಲು ಬರಿಯ ಕಾಗದ ಬೇಕು.

ಕನ್ನಡ ಅಕ್ಷರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹಣ ಪೋಲಾಗುವುದು ಹೆಚ್ಚಾಗಿ ಇಲ್ಲೇ. ಪ್ರೆಸ್‌ಗಳಲ್ಲಿ ಈಗಲೂ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕಟ್ಟಿದ ಫೈಲುಗಳು ಓಡಾಡುತ್ತವೆ. ಅವು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅಂಗಡಿಯ ಹೆಸರು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗುತ್ತದೆ. ಅದು ಪರವಾಗಿಲ್ಲ, ಕಣ್ಣಿಗೆ ಹೊಡೆಯುತ್ತದೆ, ಯಾರಾದರೂ ಹಿಡಿಯುತ್ತಾರೆ. ಅಪಾಯ ಇರುವುದು ಯೂನಿಕೋಡ್ ಪಠ್ಯವನ್ನು ಭಾರತೀಯ ಲಿಪಿ ಜೋಡಿಸದ ಸೆಟ್ಟಿಂಗ್‌ನಲ್ಲಿ ತೆರೆದಾಗ. ಹೆಚ್ಚು ಕಡಿಮೆ ಎಲ್ಲ ಸರಿ ಕಾಣುತ್ತದೆ, ಒತ್ತಕ್ಷರ ಮಾತ್ರ ಕೆಳಗೆ ಇಳಿಯದೆ ಪಕ್ಕದಲ್ಲಿ ಅರ್ಧಾಕ್ಷರವಾಗಿ ನಿಂತಿರುತ್ತದೆ, ಅರ್ಕಾವೊತ್ತು ಮುರಿದಿರುತ್ತದೆ. ಪುಟ ಜೋಡಿಸುವ ಇನ್‌ಡಿಸೈನ್ ತಂತ್ರಾಂಶದಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಂಡರೆ ಸರಿಹೋಗುತ್ತದೆ. ಫೈಲು ಕೊಡುವ ಮುಂಚೆ "ಶಾಸ್ತ್ರೀಯ", "ವರ್ಷ", "ಸಾಂಪ್ರದಾಯಿಕ", "ಕೃಷ್ಣಾರ್ಪಣ" ಈ ನಾಲ್ಕು ಪದ ಅದೇ ಫಾಂಟ್‌ನಲ್ಲಿ ಬರೆದು ನೋಡಿ. ನಾಲ್ಕೂ ಸರಿ ಬಂದರೆ ಅಕ್ಷರಗಳನ್ನೆಲ್ಲ ಕರ್ವ್‌ಗೆ, ಅಂದರೆ ಬರೀ ಗೆರೆಯ ಆಕಾರಗಳಿಗೆ, ಬದಲಿಸಿ ಪಿಡಿಎಫ್ ಮಾಡಿ. ಬದಲಿಸುವ ಮೊದಲಿನ ಫೈಲನ್ನು ಬೇರೆ ಹೆಸರಲ್ಲಿ ಉಳಿಸಿಕೊಳ್ಳಿ. ಕರ್ವ್ ಆದ ಅಕ್ಷರದಲ್ಲಿ ಫೋನ್ ನಂಬರ್ ತಿದ್ದುವುದು ನರಕ.

ಸಾಲಿನ ಅಂತರ ಇಂಗ್ಲಿಷ್‌ನಂತೆ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ 10 ಪಾಯಿಂಟ್ ಆದರೆ ಸಾಲು 15 ಇಡಿ. ವಿಳಾಸಕ್ಕೆ ಅನೆಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಎರಡೂ ಸಣ್ಣ ಅಳತೆಯಲ್ಲಿ ಬಿಡಿಬಿಡಿಯಾಗಿ ಓದಿಸಿಕೊಳ್ಳುತ್ತವೆ. 'ಬಾಲೂ ತಮ್ಮ' ಫಾಂಟ್ ಅಂಗಡಿಯ ಹೆಸರಿಗೆ ಚೆಂದ, ಎಂಟು ಪಾಯಿಂಟ್ ವಿಳಾಸಕ್ಕೆ ಅಲ್ಲ.

ಬೆನ್ನಿನ ಮೇಲೆ ಒಂದೇ ಸಾಲು. ಮುಚ್ಚಳ 36 ಮಿ.ಮೀ. ಆಕ್ರಮಿಸಿದ ಮೇಲೆ 74 ಮಿ.ಮೀ. ಖಾಲಿ ಇದೆ, ತುಂಬಿಸಲೇಬೇಕು ಅಂತಿಲ್ಲ. "ಸೆರಗು ಸರಿಸಿ ನೋಡಿ" ಅಂದರೆ ಅಸಭ್ಯವಾದೀತು. "ಕೊಂಡಿ ಬಿಚ್ಚಿ, ಹೊಸ ಮಗ್ಗದ್ದು ಒಳಗಿದೆ" ಅಂದರೆ ಸೀರೆ ಬಲ್ಲವರಿಗೆ ನಗು ಬರುತ್ತದೆ, ತೆರೆಯುತ್ತಾರೆ. "ತುರ್ತು", "ಅಂತಿಮ ಸೂಚನೆ" ಅಂತ ಹೆದರಿಸಿ ತೆರೆಸಿದ ಕವರ್ ತೆರೆದ ಕೈಯಿಂದಲೇ ಬುಟ್ಟಿಗೆ ಹೋಗುತ್ತದೆ. ಸರ್ಕಾರಿ ಕಾಗದದಂತೆ ಕಾಣಿಸಲು ಸಿಂಹಲಾಂಛನ ಬಳಸುವುದಂತೂ 2005ರ ರಾಷ್ಟ್ರಲಾಂಛನ ಕಾಯ್ದೆಯಡಿ ಅಪರಾಧ. ನಾಲ್ಕು ಮೂಲೆಗೆ ಅರಿಶಿನ ಬಣ್ಣದ ಚುಕ್ಕೆ ಇಡುವ ಉಪಾಯವೂ ಬೇಡ: ಮದುವೆ ಕರೆಯೋಲೆ ಅಂದುಕೊಂಡು ದೇವರ ಮುಂದಿಟ್ಟು ತೆರೆದವರು ಒಳಗೆ ಬೆಲೆಪಟ್ಟಿ ಕಂಡರೆ ಮತ್ತೆ ಅಂಗಡಿ ಕಡೆ ತಲೆ ಹಾಕಲಿಕ್ಕಿಲ್ಲ. ಸುತ್ತ ಕಪ್ಪು ಚೌಕಟ್ಟು ಏಕೆ ಬೇಡ ಅಂತ ಹೇಳಬೇಕಾಗಿಲ್ಲ.

ಮುದ್ರಣ, ಡೈ

ಮ್ಯಾಪ್ಲಿಥೋಗೆ 133 ಲೈನ್ ಸ್ಕ್ರೀನ್ (ಇಂಚಿಗೆ 133 ಚುಕ್ಕೆಸಾಲು) ಸಾಕು; ನಮ್ಮ ಕೆಲಸದಲ್ಲಿ ಟಿಂಟ್‌ಗಿಂತ, ಅಂದರೆ ಚುಕ್ಕೆಗಳಿಂದ ತಿಳಿಮಾಡಿದ ಬಣ್ಣಕ್ಕಿಂತ, ಗೆರೆಗಳೇ ಹೆಚ್ಚು. ಮೊದಲು ಒಳಮೈಯ ನೀಲಿ, ಒಣಗಿದ ಮೇಲೆ ಹೊರಮೈಯ ಕೆಂಪು. ಉಲ್ಟಾ ಮಾಡಿದರೆ ಗಟ್ಟಿ ಕೆಂಪು ಎರಡನೇ ಸುತ್ತಿನಲ್ಲಿ ರೋಲರ್ ಗುರುತು ಹೊತ್ತು ಬರುತ್ತದೆ. ಗಟ್ಟಿ ಬಣ್ಣದ ಹಾಳೆಗಳ ರಾಶಿ ಎತ್ತರವಾದರೆ ಮೇಲಿನ ಹಾಳೆಯ ಹಿಂಬದಿಗೆ ಕೆಂಪು ಒತ್ತಿಕೊಳ್ಳುತ್ತದೆ; ಪೌಡರ್ ಹೊಡೆಸಿ, ನಾಲ್ಕು ಸಣ್ಣ ರಾಶಿ ಮಾಡಿಸಿ.

ಒಣಗಲು 24 ಗಂಟೆ; ಜೂನ್‌ನಿಂದ ಅಕ್ಟೋಬರ್‌ವರೆಗೆ 48 ಅಂತಲೇ ಲೆಕ್ಕ ಹಾಕಿ. ಬಿಳಿ ಕಾಗದದ ತುಂಡಿನಿಂದ ಕೆಂಪಿನ ಮೇಲೆ ಇಪ್ಪತ್ತು ಸಲ ಉಜ್ಜಿ. ತುಂಡು ಗುಲಾಬಿಯಾದರೆ ಡೈಗೆ ಕಳಿಸಬೇಡಿ. ಅಂಚೆ ಚೀಲದಲ್ಲಿ ಒಂದಕ್ಕೊಂದು ಉಜ್ಜಿಕೊಂಡು ಹೋಗುವ ಕವರ್ ಇದು. ಇಲ್ಲಿ ಬಿಟ್ಟ ಬಣ್ಣ ಪಕ್ಕದ ಕಾಗದದ ವಿಳಾಸಕ್ಕೆ ಮೆತ್ತುತ್ತದೆ.

ಡೈ ಒಂದೇ ಕವರ್‌ನ ಅಳತೆಯದು ಮಾಡಿಸಿದರೆ ಅಗ್ಗ; ಮುದ್ರಿಸಿದ ಹಾಳೆಯನ್ನು ಮೊದಲು ಆರು ತುಂಡು ಮಾಡಿ ಒಂದೊಂದಾಗಿ ಒತ್ತಬೇಕು. 500ಕ್ಕೆ ಅದೇ ಸರಿ. ಪ್ಲೈವುಡ್ ಹಲಗೆಯಲ್ಲಿ ಕೂರುವ ಕತ್ತರಿಸುವ ಪಟ್ಟಿಯ ಎತ್ತರ 23.8 ಮಿ.ಮೀ.; ಮಡಿಕೆ ಪಟ್ಟಿ ಅದಕ್ಕಿಂತ ಕಾಗದದ ದಪ್ಪದಷ್ಟು ತಗ್ಗಾಗಿರಬೇಕು. 120 ಜಿಎಸ್‌ಎಂ ಮ್ಯಾಪ್ಲಿಥೋ ಸುಮಾರು 0.15 ಮಿ.ಮೀ. ಅಷ್ಟೆ. ರಟ್ಟಿನ ಡಬ್ಬಿಗೆ ಮಾಡುವ ಅಭ್ಯಾಸದಲ್ಲಿ ಇನ್ನೂ ತಗ್ಗಿನ ಪಟ್ಟಿ ಹಾಕಿದರೆ ಗೀರು ಮೂಡುವುದೇ ಇಲ್ಲ.

ಡೈ ಮಾಡುವವರಿಗೆ ಎರಡು ಸಂಗತಿ ಬರೆದೇ ಕೊಡಿ. ಅಂಟುಪಟ್ಟಿಯ ಎರಡೂ ತುದಿ ನೇರವಲ್ಲ, ಒಳಕ್ಕೆ ಓರೆ. ಅಂಟುಪಟ್ಟಿ, ಮುಚ್ಚಳ, ಬೆನ್ನು ಸೇರುವ ಮೂಲೆಗಳಲ್ಲಿ 1.5 ಮಿ.ಮೀ. ಕಚ್ಚು. ಈ ಕಚ್ಚು ಇಲ್ಲದಿದ್ದರೆ ಮಡಿಸಿದಾಗ ಮೂಲೆಯಲ್ಲಿ ಮೂರು ಪದರ ಸೇರಿ ಕಿವಿಯಂತೆ ಎದ್ದು ನಿಲ್ಲುತ್ತದೆ, ಮೊದಲು ಸವೆದು ಹರಿಯುವುದೂ ಅದೇ.

ಅಂಟು

ಮಡಿಸುವ ಕ್ರಮ: ಎರಡೂ ಅಂಟುಪಟ್ಟಿ ಒಳಕ್ಕೆ, ಅದರ ಮೇಲೆ ಬೆನ್ನು. ಅಂಟಿಗೆ ಬಿಳಿ ಪಿವಿಎ, ಅಂದರೆ ಮರಗೆಲಸದ ಫೆವಿಕಾಲ್ ಥರದ್ದು. ತಪ್ಪಾಗುವುದು ಪ್ರಮಾಣದಲ್ಲಿ. ಅಂಟಿನ ನೀರನ್ನು ಕಾಗದ ಹೀರಿದ ಕಡೆ ಉಬ್ಬುತ್ತದೆ, ಒಣಗಿದಾಗ ಸುಕ್ಕು ಉಳಿಯುತ್ತದೆ. ನೀರು ಬೆರೆಸಿ ತೆಳು ಮಾಡಿದರೆ ಸುಕ್ಕು ಹೆಚ್ಚೇ. ದಪ್ಪ ಅಂಟು, ತೆಳು ಪದರ.

ಒಂದೊಂದಕ್ಕೇ ಬ್ರಷ್ ಹಚ್ಚುತ್ತ ಕೂತರೆ ದಿನವೆಲ್ಲ ಅದೇ ಆಯಿತು. ಅಂಟುಪಟ್ಟಿಗಳನ್ನು ಮೊದಲು ಮಡಿಸಿ ಬಿಚ್ಚಿಕೊಂಡು, 20 ಹಾಳೆಗಳನ್ನು ಮೆಟ್ಟಿಲಿನಂತೆ ಸರಿಸಿ ಜೋಡಿಸಿ, ಪ್ರತಿ ಹಾಳೆಯ ಅಂಟುಪಟ್ಟಿಯ 8 ಮಿ.ಮೀ. ಮಾತ್ರ ಕಾಣಬೇಕು. ಮೇಲಿನ ಹಾಳೆಗೆ ಒಂದು ರದ್ದಿ ಪಟ್ಟಿ ಮುಚ್ಚಿ, ಅಗಲ ಬ್ರಷ್‌ನಿಂದ ಒಂದೇ ಎಳೆತ. ಇಪ್ಪತ್ತಕ್ಕೂ ಸಮನಾಗಿ ಎಂಟೇ ಮಿ.ಮೀ. ಅಂಟು. ಗಮನಿಸಿ: ಅಂಟು ಹಚ್ಚಬೇಕಾದ್ದು ಅಂಟುಪಟ್ಟಿಯ ಹೊರಮೈಗೆ, ಒಳಕ್ಕೆ ಮಡಿಸಿದ ಮೇಲೆ ಬೆನ್ನಿಗೆ ಮುಖ ಮಾಡುವುದು ಅದೇ. ಎಡ ಬಲ ಎರಡೂ ಸೇರಿ 500ಕ್ಕೆ 50 ಎಳೆತ. ಅಂಟು ಒಣಗುವ ಮೊದಲು ಇಪ್ಪತ್ತನ್ನೂ ಮಡಿಸಬೇಕು, ಹಾಗಾಗಿ ಇಬ್ಬರು ಕೂರಿ. ಮಡಿಸಿದ್ದನ್ನು ಹಲಗೆಯ ಕೆಳಗೆ ಹತ್ತು ನಿಮಿಷ ಭಾರ ಇಟ್ಟು ಬಿಡಿ.

ಬದಿಯಿಂದ ಅಂಟು ಒಳಕ್ಕೆ ಜಿನುಗಿದರೆ ಮುಂಭಾಗವೂ ಬೆನ್ನೂ ಒಳಗೇ ಕಚ್ಚಿಕೊಳ್ಳುತ್ತವೆ. ಹಾಗಾಗಿ ಪ್ರತಿ ಇಪ್ಪತ್ತರ ಕಂತಿನಲ್ಲೂ ಎರಡು ಕವರ್ ಎತ್ತಿಕೊಂಡು ಒಳಗೆ ಸ್ಕೇಲು ಹಾಕಿ ಆಡಿಸಿ ನೋಡಿ.

ವಿಳಾಸ ಮುದ್ರಿಸುವುದಾದರೆ ಈಗ, ಟೇಪ್ ಹಚ್ಚುವ ಮುನ್ನ. ಲೇಸರ್ ಪ್ರಿಂಟರ್‌ನ ಫ್ಯೂಸರ್ 180–200 ಡಿಗ್ರಿ ಸೆಲ್ಸಿಯಸ್ ಸುಮಾರು ಕಾಯುತ್ತದೆ. ಟೇಪ್ ಇರುವ ಕವರ್ ಹಾಕಿದರೆ ಗೋಂದು ಕರಗಿ ರೋಲರ್‌ಗೆ ಅಂಟುತ್ತದೆ, ಕವರ್ ಜೊತೆ ಪ್ರಿಂಟರ್ ರಿಪೇರಿ. ಬದಿಯಲ್ಲಿ ಮೂರು ಪದರ, ನಡುವೆ ಎರಡು. ಈ ಏರುಪೇರಿನಿಂದ ಕೆಲವು ಸುಕ್ಕಾಗುವುದೂ ಉಂಟು. ಕೈಬರಹವೇ ಮೇಲು. ಹಳೆಯ ಗಿರಾಕಿಗೆ ಹೋಗುವ ಕಾಗದದ ಮೇಲೆ ನೀಲಿ ಬಾಲ್‌ಪೆನ್ನಿನ ಕೈಬರಹಕ್ಕಿಂತ ಒಳ್ಳೆಯ ಜಾಹೀರಾತು ಇನ್ನೂ ಕಂಡುಹಿಡಿದಿಲ್ಲ. ಊರೊಳಗೆ ಕನ್ನಡದ ವಿಳಾಸ ಸಾಕು; ರಾಜ್ಯದಾಚೆ ಹೋಗುವುದಕ್ಕೆ ಇಂಗ್ಲಿಷಿನಲ್ಲೂ ಬರೆಯಿರಿ. ಪಿನ್‌ಕೋಡ್‌ನ ಆರು ಅಂಕಿ ಎಲ್ಲದಕ್ಕೂ 560003 ಅನ್ನುವ ಹಾಗೆ. ೫೬೦೦೦೩ ಅಂದರೆ ಗಡಿ ದಾಟಿದ ಮೇಲೆ ಓದುವವರು ಸಿಗುವುದಿಲ್ಲ.

ಮುಚ್ಚಳಕ್ಕೆ 12 ಮಿ.ಮೀ. ಎರಡು ಬದಿಯ ಟೇಪ್, ಕವರ್‌ಗೆ 180 ಮಿ.ಮೀ.ನಂತೆ 90 ಮೀಟರ್. 50 ಮೀಟರ್‌ನ ಎರಡು ಸುರುಳಿ ಲೆಕ್ಕಕ್ಕೆ ಸಾಕು, ಕೈಗೆ ಸಾಲದು, ಮೂರು ತನ್ನಿ. ಮುಚ್ಚಳದ ತುದಿಯಿಂದ 4 ಮಿ.ಮೀ. ಬಿಟ್ಟು ಹಚ್ಚಿ. ಒಳಮೈಯ ನೀಲಿ ಚೌಕಳಿಯನ್ನು ತುದಿಯಿಂದ 18 ಮಿ.ಮೀ. ಮೊದಲೇ ನಿಲ್ಲಿಸಿರಬೇಕು, ಮಸಿಯ ಮೇಲೆ ಟೇಪ್ ಅರೆಬರೆ ಹಿಡಿಯುತ್ತದೆ. ನೀರು ತಾಗಿಸಿ ಅಂಟಿಸುವ ಗೋಂದು ಅಗ್ಗ, ಆದರೆ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಖಾಲಿ ಕವರ್‌ಗಳು ತಾವಾಗಿಯೇ ಮುಚ್ಚಿಕೊಂಡು ಕೂರುತ್ತವೆ.

ಅಂಚೆಗೆ ಹಾಕುವ ಮುನ್ನ

ಐನೂರನ್ನೂ ಒಮ್ಮೆಗೇ ಹಾಕಬೇಡಿ. ಪೂರ್ತಿ ತುಂಬಿಸಿದ ಐದು ಕವರ್ ಬೇರೆ ಬೇರೆ ಡಬ್ಬಿಯಿಂದ ನಿಮ್ಮದೇ ವಿಳಾಸಕ್ಕೆ ಹಾಕಿ. ಒಂದನ್ನು ಮೈಸೂರಿನ ಪರಿಚಯದವರಿಗೆ ಕಳಿಸಿ ಫೋಟೋ ತರಿಸಿಕೊಳ್ಳಿ. ಬಂದದ್ದರಲ್ಲಿ ನೋಡಬೇಕಾದ್ದು: ಮೊಹರು ಓದುವಂತಿದೆಯೇ, ಚೀಟಿಯ ಮೂಲೆ ಎದ್ದಿದೆಯೇ, ಮಡಿಕೆಯ ಮೇಲಿನ ಕೆಂಪು ಬೆಳ್ಳಗಾಗಿದೆಯೇ, ಮುಚ್ಚಳದ ಎರಡು ತುದಿಗಳಲ್ಲಿ ಬೆರಳು ತೂರುವಷ್ಟು ಸಂದಿ ಇದೆಯೇ. ತುದಿಯ ಸಂದಿ ದೊಡ್ಡದಾದರೆ ಬೇರೆ ಕಾಗದಗಳು ಅದರೊಳಗೆ ಸಿಕ್ಕಿಕೊಂಡು ಮುಚ್ಚಳ ಕಿತ್ತುಬರುತ್ತದೆ. ಆಗ ಟೇಪನ್ನು 180ರಿಂದ 195 ಮಿ.ಮೀ.ಗೆ ಉದ್ದ ಮಾಡಿ. ಮೂರನೇ ಸುರುಳಿ ಈಗ ಉಪಯೋಗಕ್ಕೆ ಬಂತು.

ಚೀಟಿಯ ಬಗ್ಗೆ ಒಂದು ಮಾತು. ಚೀಟಿಯ ಬದಲು ಯಂತ್ರ ಒತ್ತುವ ಫ್ರಾಂಕಿಂಗ್ ಮೊಹರು ಬಿದ್ದ ಕವರ್ ಬ್ಯಾಂಕಿನದರಂತೆ ಕಾಣುತ್ತದೆ. ಅಂಟಿಸಿದ ಅಂಚೆಚೀಟಿ ಯಾರೋ ಕಳಿಸಿದ ಕಾಗದದಂತೆ ಕಾಣುತ್ತದೆ. ಅಂಚೆ ಇಲಾಖೆಯ ಮೈ ಸ್ಟಾಂಪ್‌ನಲ್ಲಿ ಚೀಟಿಯ ಪಕ್ಕ ನಿಮ್ಮ ಚಿತ್ರ ಹಾಕಿಸಬಹುದು, ಹಾಳೆಗೆ 12 ಚೀಟಿ. 500ಕ್ಕೆ ದುಬಾರಿ, ಆಯ್ದ ಐವತ್ತು ಗಿರಾಕಿಗಳಿಗೆ ಮಾಡಿಸಿದರೆ 5 ಹಾಳೆ ಸಾಕು. ರಾಜಭವನ ರಸ್ತೆಯ ಪ್ರಧಾನ ಅಂಚೆ ಕಚೇರಿಯಲ್ಲಿ (ಜಿಪಿಒ) ವಿಚಾರಿಸಿ.

ಕವರ್ ಕೆಲಸ ಮಾಡಿತೋ ಇಲ್ಲವೋ ತಿಳಿಯಬೇಕಾದರೆ 250 ಕೆಂಪು ಸೆರಗಿನ ಕವರ್, 250 ಸಾದಾ ಬಿಳಿ ಕವರ್; ಒಳಗಿನ ಪತ್ರ ಒಂದೇ, ಕಾರ್ಡ್ ಮೇಲಿನ ಕ್ಯೂಆರ್ ಮಾತ್ರ ಬೇರೆ ಬೇರೆ. ಪಟ್ಟಿಯನ್ನು ಬಡಾವಣೆವಾರು ಹಂಚಬೇಡಿ. ಒಂದು ಬಿಟ್ಟು ಒಂದು ಹೆಸರು ಆಯ್ದುಕೊಳ್ಳಿ, ಇಲ್ಲದಿದ್ದರೆ ನೀವು ಅಳೆಯುವುದು ಕವರನ್ನಲ್ಲ, ಬಸವನಗುಡಿಯನ್ನು. ಕ್ಯೂಆರ್ 20 ಮಿ.ಮೀ.ಗಿಂತ ಸಣ್ಣದಾಗಬಾರದು, ಸುತ್ತ ನಾಲ್ಕು ಚೌಕದಷ್ಟು ಬಿಳಿ ಜಾಗ ಬೇಕು. ಕವರ್‌ನ ಕೆಂಪಿನ ಮೇಲೆ ಬಿಳಿಯಲ್ಲಿ ಕ್ಯೂಆರ್ ಬಿಡಿಸುವುದು ನೋಡಲು ಸೊಗಸು, ಆದರೆ ಎಲ್ಲ ಫೋನೂ ಉಲ್ಟಾ ಬಣ್ಣವನ್ನು ಓದುವುದಿಲ್ಲ.

ಉಳಿದ ಖಾಲಿ ಕವರ್‌ಗಳನ್ನು ಐವತ್ತರ ಕಟ್ಟು ಮಾಡಿ, ಇಪ್ಪತ್ತೈದು ಒಂದು ಕಡೆಗೆ ಮುಚ್ಚಳ, ಇಪ್ಪತ್ತೈದು ಇನ್ನೊಂದು ಕಡೆಗೆ. ಎಲ್ಲ ಒಂದೇ ಕಡೆ ಇಟ್ಟರೆ ಮುಚ್ಚಳದ ಬದಿ ದಪ್ಪವಾಗಿ ಕಟ್ಟು ಓರೆಯಾಗುತ್ತದೆ, ತಿಂಗಳಲ್ಲಿ ಕವರೂ ಓರೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗೋಡೆಗೆ ತಾಗದ ಶೆಲ್ಫ್‌ನಲ್ಲಿಡಿ, ರಬ್ಬರ್ ಬ್ಯಾಂಡ್ ಬೇಡ, ಅಗಲ ಕಾಗದದ ಪಟ್ಟಿ ಸುತ್ತಿ.